ಸಣ್ಣ ರಾಟೆ, ದೊಡ್ಡ ಮೀನು

ಹೊಸಕೋಟೆಯ ದೊಡ್ಡಕೆರೆಯಲ್ಲಿ ಗಾಳಕ್ಕೆ ಸಿಕ್ಕಿದ ಗೇಣುದ್ದದ ಮೀನನ್ನು ಒಂದೇ ಎಳೆತಕ್ಕೆ ದಡಕ್ಕೆ ತರಬಹುದು. ಆದರೆ 1959ರಲ್ಲಿ ಆಸ್ಟ್ರೇಲಿಯದ ಆಲ್‌ಫ್ರೆಡ್ ಡೀನ್ ಎಂಬವರು 2,664 ಪೌಂಡ್ ತೂಕದ ಬಿಳಿ ಷಾರ್ಕನ್ನು ಕೇವಲ 130 ಪೌಂಡ್ ಭಾರ ತಡೆಯುವ ದಾರದಿಂದ ಹಿಡಿದರು. ಇದು ಹೇಗೆ ಸಾಧ್ಯವೆಂಬುದನ್ನು ನಾವು ವಿಚಾರಮಾಡೋಣ.

ಮೀನಿನ ಭಾರವನ್ನು ನೀರೇ ಬಹುಮಟ್ಟಿಗೆ ಹೊರುತ್ತದೆ. ಆದುದರಿಂದ ದಾರವು ತಡೆಯಬೇಕಾದುದು ಮೀನಿನ ತೂಕವನ್ನಲ್ಲ, ಅದರ ಸೆಳೆತವನ್ನು. ರಾಟೆಯೊಳಗಿನ ಬಿಲ್ಲೆಗಳು ಒಂದಕ್ಕೊಂದು ಉಜ್ಜುತ್ತ ಬ್ರೇಕಿನಂತೆ ವರ್ತಿಸುತ್ತವೆ. ಸೆಳೆತವು ಗೊತ್ತಾದ ಮಿತಿಯನ್ನು ಮೀರಿದೊಡನೆ ರಾಟೆ ಜಾರಿ ದಾರವನ್ನು ಬಿಟ್ಟುಕೊಡುತ್ತದೆ. ಮೀನು ವ್ಯಯಿಸಿದ ಶಕ್ತಿಯ ಬಹುಭಾಗ ಘರ್ಷಣೆಯಿಂದ ಉಷ್ಣವಾಗುತ್ತದೆ. 10 ಕಿಲೋಗ್ರಾಂ ತೂಕದಷ್ಟು ತಡೆಯ ವಿರುದ್ಧ 500 ಮೀಟರು ಓಡಿದ ಮೀನು ದಾರವನ್ನೆಳೆಯಲು ಸುಮಾರು 49,000 ಜೂಲ್ ಕೆಲಸ ಮಾಡಿರುತ್ತದೆ. ಹೀಗೆ ಅದು ದಣಿಯುತ್ತದೆ.

ಸಣ್ಣ ರಾಟೆಯ ಅಪಾಯವೂ ಇಲ್ಲಿಯೇ ಇದೆ. ದಾರ ಬಿಚ್ಚಿದಂತೆ ಸುರುಳಿಯ ತ್ರಿಜ್ಯ ಕುಗ್ಗುತ್ತದೆ. ಬ್ರೇಕಿನ ತಡೆ ಮಾತ್ರ ಹಿಂದಿನಷ್ಟೇ ಇರುತ್ತದೆ. ಗಿಡ್ಡ ಸನ್ನೆಗೋಲಿಗೆ ಹೆಚ್ಚು ಬಲ ಬೇಕಾಗುವಂತೆ, ತ್ರಿಜ್ಯ ಅರ್ಧವಾದಾಗ ದಾರದ ಎಳೆತ ಇಮ್ಮಡಿಯಾಗುತ್ತದೆ. ಮೊದಲೇ ದಾರದ ಬಲದ ಅರ್ಧಕ್ಕೆ ಬ್ರೇಕನ್ನು ಬಿಗಿಮಾಡಿದ್ದರೆ ದಾರ ಆಗ ಕಡಿಯುತ್ತದೆ. ಆದಕಾರಣ ಅನುಭವಸ್ಥರು ಮೂರನೆಯ ಒಂದು ಪಾಲನ್ನು ಮೀರುವುದಿಲ್ಲ.

ನಮ್ಮ ನಾಡಿನಲ್ಲಿಯೂ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು ಗಾಳದಿಂದ 120 ಪೌಂಡಿನ ಮಹಸೀರ್ ಮೀನನ್ನು ಹಿಡಿದರು. ಕಾವೇರಿ ಮತ್ತು ಅದರ ಉಪನದಿಗಳ ಆ ಗೂನುಬೆನ್ನಿನ ಮಹಸೀರ್ ಇಂದು ಅಳಿವಿನ ಅಂಚಿನಲ್ಲಿದೆ. ಬಹಳ ಹೊತ್ತು ಸೆಣಸಿ ಬಳಲಿದ ಮೀನು, ನೀರಿಗೆ ಬಿಟ್ಟ ಮೇಲೂ ಸಾಯಬಹುದು. ರಾಟೆಯ ಗಣಿತವನ್ನು ಬಲ್ಲವರು ಇದನ್ನೂ ಮರೆಯಲಾಗದು.