ಹೊಸ ಲ್ಯಾಪ್‌ಟಾಪ್‌ಗೆ ಮುನ್ನ ಪ್ರಾಕ್ಸಿ
ಪ್ರಶ್ನೆ: ಕಿರುಚಿತ್ರವನ್ನು 4ಕೆ, ಎಚ್.265ನಲ್ಲಿ ಚಿತ್ರೀಕರಿಸಿದ್ದೇನೆ. ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುವಾಗ ತಡವರಿಸುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳಲೇ?

ಉತ್ತರ: ಈಗಲೇ ಬೇಡ. ಎಚ್.265 ಜಾಗ ಉಳಿಸಲು ಹೆಚ್ಚಿನ ಫ್ರೇಮ್‌ಗಳಲ್ಲಿ ಬದಲಾದದ್ದನ್ನಷ್ಟೇ ಬರೆದಿಡುತ್ತದೆ. ಒಂದು ಫ್ರೇಮ್ ತೋರಿಸಲು ಕಂಪ್ಯೂಟರ್ ಅಕ್ಕಪಕ್ಕದ ಹಲವನ್ನು ಬಿಡಿಸಬೇಕು. ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್ ಎಂಬ ಎಡಿಟಿಂಗ್ ಫಾರ್ಮ್ಯಾಟ್‌ಗಳಲ್ಲಾದರೋ ಪ್ರತಿ ಫ್ರೇಮೂ ಸ್ವತಂತ್ರ. ಅವುಗಳಲ್ಲೊಂದರಲ್ಲಿ 1080ಪಿ ಪ್ರಾಕ್ಸಿ (ಎಡಿಟ್‌ಗಷ್ಟೇ ಬಳಸುವ ಹಗುರ ಪ್ರತಿ) ಮಾಡಿಕೊಂಡು ಎಡಿಟ್ ಮಾಡಿ. ಜಾಗ ಸಾಲದೆಂಬ ಅಳುಕೇ? ಸೆಕೆಂಡಿಗೆ 25 ಫ್ರೇಮ್ ವೇಗದ ಪ್ರೋರೆಸ್ ಪ್ರಾಕ್ಸಿ ಗಂಟೆಗೆ ಸುಮಾರು 17 ಜಿಬಿ, ಅಷ್ಟೆ. ಗುಣಮಟ್ಟವೂ ಕುಗ್ಗದು: ಬಣ್ಣ ತಿದ್ದುವಾಗ, ರೆಂಡರ್ ಮಾಡುವಾಗ ಮೂಲ ಫೈಲ್‌ಗಳಿಗೇ ಮರಳಿ. ಮೂಲದ ಎರಡು ಪ್ರತಿಗಳು ಬೇರೆ ಬೇರೆ ಡಿಸ್ಕ್‌ಗಳಲ್ಲಿರಲಿ, ಇದರಲ್ಲಿ ರಾಜಿ ಬೇಡ. ಪ್ರಾಕ್ಸಿಯೂ ತಡವರಿಸಿದರೆ ತಂತ್ರಜ್ಞರಿಂದ ಡಿಸ್ಕ್, ರ‍್ಯಾಮ್ ಪರೀಕ್ಷೆ ಮಾಡಿಸಿ. ಚಿತ್ರಮಂದಿರಕ್ಕಾದರೆ ಎಡಿಟ್ ಅಂತಿಮಗೊಳಿಸುವ ಮೊದಲೇ ಡಿಸಿಪಿ (ಚಿತ್ರಮಂದಿರದಲ್ಲಿ ತೋರಿಸುವ ಡಿಜಿಟಲ್ ಪ್ರತಿ) ತಯಾರಿಸುವವರೊಡನೆ ಫ್ರೇಮ್ ವೇಗ ಖಚಿತಪಡಿಸಿಕೊಳ್ಳಿ.