ಬಿದ್ದು ಸಿಕ್ಕಿದ ಹಣದ ಪತ್ರ ಮತ್ತು ಅಚೌರ್ಯಾಣುವ್ರತ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ಬಹು ಸುಲಭವೆಂದು ಅನೇಕರ ಭಾವನೆ. ಕನ್ನ ಕೊರೆಯುವವನು, ಜೇಬು ಕತ್ತರಿಸುವವನು ಮಾತ್ರ ಕಳ್ಳನೆಂದು ತಿಳಿದವರಿಗೆ ಹಾಗೆ ತೋರುವುದು ಸಹಜ. ಆದರೆ ಯಾರೂ ಕಾಣದ ದಾರಿಯಲ್ಲಿ, ಯಾರ ಹೆಸರೂ ಇಲ್ಲದ ವಸ್ತುವೊಂದು ಕಣ್ಣಿಗೆ ಬಿದ್ದಾಗ ಈ ವ್ರತಕ್ಕೆ ನಿಜವಾದ ಪರೀಕ್ಷೆ ಒದಗುತ್ತದೆ.

ತುಂಗಭದ್ರೆಯ ದಡದಲ್ಲಿರುವ ಕೆಂಚನಗುಡ್ಡಕ್ಕೆ ಸಿರುಗುಪ್ಪದಿಂದ ಹೋಗುವ ದಾರಿಯಲ್ಲಿ ಶ್ರಾವಕನೊಬ್ಬನಿಗೆ ಒಂದು ಹಣದ ಪತ್ರ ಸಿಕ್ಕಿತೆಂದು ಭಾವಿಸೋಣ. ಅದರಲ್ಲಿ ಮೊತ್ತ ಅಚ್ಚಾಗಿದೆ, ಅಂಚೆ ಕಚೇರಿಯ ಮುದ್ರೆ ಬಿದ್ದಿದೆ. ಹಣ ಯಾರಿಗೆ ಸಲ್ಲಬೇಕೆಂಬ ಸ್ಥಳ ಮಾತ್ರ ಖಾಲಿಯಾಗಿದೆ. ಅವನು ಮಾಡಬೇಕಾದುದೇನು?

ಪತ್ರದ ಸ್ವರೂಪ

ಮೊದಲು ವಸ್ತುವನ್ನು ಸರಿಯಾಗಿ ತಿಳಿಯಬೇಕು. ಭಾರತದ ಅಂಚೆ ಇಲಾಖೆಯಲ್ಲಿ ಮನಿಯಾರ್ಡರ್ ಸೇವೆ 1880ರಲ್ಲಿ ಆರಂಭವಾಯಿತು. ಕಳುಹಿಸುವವನು ಫಾರಂ ತುಂಬಿ, ಹಣವನ್ನೂ ಕಮಿಷನ್ನನ್ನೂ ಕಟ್ಟಿ ರಸೀತಿ ಪಡೆಯುತ್ತಿದ್ದನು. ಪೋಸ್ಟ್‌ಮ್ಯಾನ್ ವಿಳಾಸದಾರನ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆದು ಹಣ ಕೊಡುತ್ತಿದ್ದನು. ಆದುದರಿಂದ ಏನೂ ಬರೆಯದ ಮನಿಯಾರ್ಡರ್ ಫಾರಂ ಬರಿಯ ಕಾಗದ. ಅದಕ್ಕೆ ಹಣದ ಬೆಲೆಯಿಲ್ಲ.

ಪೋಸ್ಟಲ್ ಆರ್ಡರ್ ಹಾಗಲ್ಲ. ಅದನ್ನು ಕೊಳ್ಳುವಾಗಲೇ ಹಣ ಸಂದಾಯವಾಗಿರುತ್ತದೆ. ಅರ್ಜಿ ಶುಲ್ಕಗಳಿಗೆ ಅದು ಬಳಕೆಯಲ್ಲಿ ಬಂದಿದೆ. 2005ರ ಮಾಹಿತಿ ಹಕ್ಕು ಅಧಿನಿಯಮದ ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸುವುದು ಹಲವರಿಗೆ ಪರಿಚಿತ. ಹೆಸರು ಬರೆಯದೆ ಬಿಟ್ಟರೆ, ಕೈಗೆ ಸಿಕ್ಕವನು ತನ್ನ ಹೆಸರನ್ನೇ ಬರೆದುಕೊಳ್ಳಲು ಆಸ್ಪದವಾಗುತ್ತದೆ. ಅಮೆರಿಕದಲ್ಲಿ ಮಾರುವ ಮನಿಯಾರ್ಡರ್ ಪತ್ರವೂ ಇಂಥದೇ. ಹಣ ತೆತ್ತು ಕೊಂಡ ಬಳಿಕ ಹೆಸರನ್ನು ಕೊಂಡವನೇ ಬರೆಯಬೇಕು. ಆ ದೇಶದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೂ ಈ ವಿಚಾರ ಅನ್ವಯಿಸುತ್ತದೆ.

ಶಾಸ್ತ್ರದ ನಿರ್ಣಯ

ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವು ಎಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹೇಳಿದ ಲಕ್ಷಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗೃಹಸ್ಥನಿಗೆ ಇನ್ನೂ ಬಿಡಿಸಿ ತಿಳಿಸಿದ್ದಾರೆ. ಇಟ್ಟದ್ದಾಗಲಿ, ಬಿದ್ದದ್ದಾಗಲಿ, ಮರೆತು ಹೋದದ್ದಾಗಲಿ, ಒಡೆಯನು ಕೊಡದ ಪರಧನವನ್ನು ತಾನೂ ತೆಗೆದುಕೊಳ್ಳಬಾರದು, ಪರರಿಗೂ ಕೊಡಬಾರದು ಎಂಬುದು ಅಲ್ಲಿಯ ತಾತ್ಪರ್ಯ. ದಾರಿಯಲ್ಲಿ ಸಿಕ್ಕಿದ ಪತ್ರವು ‘ಬಿದ್ದದ್ದು’ ಎಂಬ ಮಾತಿನೊಳಗೇ ಬರುತ್ತದೆ.

ಧನವು ಮನುಷ್ಯನಿಗೆ ದೇಹದ ಹೊರಗೆ ಸಂಚರಿಸುವ ಪ್ರಾಣದಂತೆ ಎಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿ, ಕಳವನ್ನು ಹಿಂಸೆಯೊಳಗೆ ಸೇರಿಸಿದ್ದಾರೆ. ವಿಧವೆಯೊಬ್ಬಳ ಮಾಸಾಶನ ಮನಿಯಾರ್ಡರ್ ಮೂಲಕ ಬರುತ್ತಿದ್ದ ದಿನಗಳನ್ನು ಕಂಡ ಮನೆಗಳಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಶಂಕೆ – ಸಮಾಧಾನ

ಶಂಕೆ: ಪತ್ರದಲ್ಲಿ ಹೆಸರಿಲ್ಲ, ಒಡೆಯನಿಲ್ಲದ ವಸ್ತುವನ್ನು ತೆಗೆದುಕೊಂಡರೆ ದೋಷವೇನು?

ಸಮಾಧಾನ: ಹೆಸರು ಕಾಣದಿರುವುದು ಬೇರೆ, ಒಡೆಯನೇ ಇಲ್ಲದಿರುವುದು ಬೇರೆ. ಒಡೆಯನಿಲ್ಲದ ನಿಧಿ ಮುಂತಾದ ಧನಕ್ಕೆ ಅರಸನೇ ವಾರಸುದಾರನೆಂದೂ, ಶ್ರಾವಕನು ಅದನ್ನು ಗ್ರಹಿಸಬಾರದೆಂದೂ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ವಿಧಿಸಿದ್ದಾರೆ. ತನ್ನದೇ ವಸ್ತುವಾದರೂ ‘ನನ್ನದು ಹೌದೋ ಅಲ್ಲವೋ’ ಎಂಬ ಸಂದೇಹವಿರುವಾಗ ತೆಗೆದುಕೊಂಡರೆ ವ್ರತಭಂಗವೆಂದೂ ಅಲ್ಲಿ ಹೇಳಿದೆ. ಹಾಗಿರುವಾಗ ತನ್ನದಲ್ಲವೆಂದು ನಿಶ್ಚಯವಾಗಿ ತಿಳಿದ ಪತ್ರದ ವಿಷಯದಲ್ಲಿ ಸಂದೇಹಕ್ಕೆ ಎಡೆಯೆಲ್ಲಿ?

ಶಂಕೆ: ತಾನು ಬಳಸದೆ ಬಸದಿಯ ಹುಂಡಿಗೆ ಹಾಕಿದರೆ ಪುಣ್ಯವಲ್ಲವೇ?

ಸಮಾಧಾನ: ಅಲ್ಲ. ಸದ್ಭಾವವುಳ್ಳ ಶ್ರಾವಕರೂ ಎಡವುವುದು ಇಲ್ಲಿಯೇ. ಪರರಿಗೂ ಕೊಡಬಾರದೆಂಬ ಆಚಾರ್ಯರ ವಚನ ಇದನ್ನು ನೇರವಾಗಿ ತಡೆಯುತ್ತದೆ. ಅನುಗ್ರಹಕ್ಕಾಗಿ ತನ್ನ ವಸ್ತುವನ್ನು ತ್ಯಾಗ ಮಾಡುವುದು ದಾನವೆಂದು ತತ್ತ್ವಾರ್ಥಸೂತ್ರದ ಲಕ್ಷಣ. ತನ್ನದಲ್ಲದ್ದನ್ನು ತ್ಯಾಗ ಮಾಡುವುದು ಹೇಗೆ? ಹುಂಡಿಗೆ ಬಿದ್ದ ಪತ್ರವನ್ನು ಒಡೆಯನು ಮತ್ತೆಂದೂ ಕಾಣಲಾರನು. ಅವನ ನಷ್ಟದ ಮೇಲೆ ಪುಣ್ಯದ ಲೆಕ್ಕ ಬರೆಯಲಾಗದು.

ಶಂಕೆ: ಮೊತ್ತ ಹತ್ತೇ ರೂಪಾಯಿಯಾದರೆ?

ಸಮಾಧಾನ: ಸಂಕ್ಲೇಶ ಪರಿಣಾಮದಿಂದ ಪ್ರವೃತ್ತಿಯಾದಲ್ಲಿ, ಹೊರವಸ್ತು ಕೈಗೆ ಬರಲಿ ಬಿಡಲಿ, ಕಳವೇ ಆಗುತ್ತದೆ ಎಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ತಿಳಿಸಿದ್ದಾರೆ. ಇದಲ್ಲದೆ ಕಳೆದುಕೊಂಡವನ ನಷ್ಟ ಹತ್ತೇ ರೂಪಾಯಿ ಎನ್ನುವಂತಿಲ್ಲ. ಅರ್ಜಿಯ ಕೊನೆಯ ದಿನ ಮೀರಿದರೆ ಒಂದು ಅವಕಾಶವೇ ತಪ್ಪಬಹುದು.

ಶಂಕೆ: ಖಾಲಿ ಸ್ಥಳದಲ್ಲಿ ತನ್ನ ಹೆಸರು ಬರೆದರೆ ಎಷ್ಟು ದೋಷ?

ಸಮಾಧಾನ: ಅಚೌರ್ಯದೊಡನೆ ಸತ್ಯಾಣುವ್ರತವೂ ಕೆಡುತ್ತದೆ, ಸುಳ್ಳು ಬರಹವು ಕೂಟಲೇಖಕ್ರಿಯೆ ಎಂಬ ಅತಿಚಾರ. ಮತ್ತೊಬ್ಬನಿಗೆ ‘ನೀನು ತೆಗೆದುಕೋ’ ಎಂದು ಪ್ರೇರಿಸಿದರೆ ಸ್ತೇನಪ್ರಯೋಗ. ಹಾಗೆ ಪಡೆದವನಿಂದ ಕಡಿಮೆ ಬೆಲೆಗೆ ಕೊಂಡರೆ ತದಾಹೃತಾದಾನ.

ಶಂಕೆ: ಒಡೆಯನು ಬಹುಮಾನ ಕೊಟ್ಟರೆ?

ಸಮಾಧಾನ: ಸಂತೋಷದಿಂದ ಕೊಟ್ಟದ್ದು ಅದತ್ತವಲ್ಲ. ಬಹುಮಾನ ಕೊಡುವವರೆಗೆ ಪತ್ರವನ್ನು ಹಿಡಿದಿಟ್ಟು ಕಾಡುವುದು ಲೋಭ. ವ್ರತಿಯು ನಿರಾಕರಿಸುವುದೇ ಉತ್ತಮ.

ರಾಜಶಾಸನದ ಮಾತು

1872ರ ಭಾರತೀಯ ಒಪ್ಪಂದ ಅಧಿನಿಯಮದ 71ನೆಯ ಕಲಮಿನಂತೆ, ಸಿಕ್ಕಿದ ವಸ್ತುವನ್ನು ವಶಕ್ಕೆ ತೆಗೆದುಕೊಂಡವನಿಗೆ ಒಪ್ಪಿಸಿಕೊಂಡ ಒತ್ತೆಯನ್ನು ಕಾಯುವವನ ಹೊಣೆಯೇ ಇರುತ್ತದೆ. ಒಡೆಯನನ್ನು ಹುಡುಕದೆ ಸ್ವಂತಕ್ಕೆ ಬಳಸುವುದು ಹಿಂದೆ ಭಾರತೀಯ ದಂಡ ಸಂಹಿತೆಯ 403ನೆಯ ಕಲಮಿನಂತೆ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 314ನೆಯ ಕಲಮು. ಅಲ್ಲಿ ಕೊಟ್ಟಿರುವ ಒಂದು ದೃಷ್ಟಾಂತ ಪ್ರಕೃತಕ್ಕೆ ಬಹು ಹತ್ತಿರವಾದುದು: ತಂದವನಿಗೆ ಸಲ್ಲುವ ಚೆಕ್ ಒಂದು ಸಿಕ್ಕಿದೆ, ಕಳೆದುಕೊಂಡವನು ಯಾರೆಂದು ಗೊತ್ತಿಲ್ಲ, ಆದರೆ ಚೆಕ್ ಬರೆದವನ ಹೆಸರಿದೆ. ಅವನನ್ನು ವಿಚಾರಿಸದೆ ಚೆಕ್ಕನ್ನು ತನ್ನದಾಗಿಸಿಕೊಂಡವನು ಅಪರಾಧಿ. ಪೋಸ್ಟಲ್ ಆರ್ಡರಿನಲ್ಲಿ ಅಂಚೆ ಕಚೇರಿಯ ಮುದ್ರೆಯೂ ಕ್ರಮಸಂಖ್ಯೆಯೂ ಇಂಥ ಸುಳಿವುಗಳೇ.

ಕರ್ತವ್ಯದ ಕ್ರಮ

1. ಹಿಂದಿರುಗಿಸುವ ಸಂಕಲ್ಪದಿಂದಲೇ ಪತ್ರವನ್ನು ಎತ್ತಿಕೊಳ್ಳಬೇಕು. ಆ ಸಂಕಲ್ಪ ಗಟ್ಟಿಯಿಲ್ಲದವನು ಮುಟ್ಟದಿರುವುದೇ ಲೇಸು.

2. ಅದರಲ್ಲಿ ಏನನ್ನೂ ಬರೆಯಬಾರದು, ಸಹಿ ಮಾಡಬಾರದು. ಸಿಕ್ಕಿದ ಸ್ಥಳ, ದಿನ, ವೇಳೆ, ಕ್ರಮಸಂಖ್ಯೆಗಳನ್ನು ಬೇರೆ ಕಾಗದದಲ್ಲಿ ಗುರುತಿಸಬೇಕು.

3. ಮುದ್ರೆಯಿರುವ ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರರಿಗೆ ಬರವಣಿಗೆಯೊಡನೆ ಒಪ್ಪಿಸಿ ಸ್ವೀಕೃತಿ ಪಡೆಯಬೇಕು. ಮುದ್ರೆ ಓದಲಾಗದಿದ್ದರೆ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಪರದೇಶದಲ್ಲಿ ಸಿಕ್ಕಿದ್ದಾದರೆ ಪತ್ರದಲ್ಲಿ ಹೆಸರು ಅಚ್ಚಾಗಿರುವ ಸಂಸ್ಥೆಗೆ ತಿಳಿಸಬೇಕು.

4. ಊರಿನಲ್ಲಿ ಸಾರುವುದಾದರೆ ‘ಒಂದು ಪತ್ರ ಸಿಕ್ಕಿದೆ’ ಎಂದಷ್ಟೇ ಹೇಳಬೇಕು. ಮೊತ್ತವನ್ನೂ ಸಂಖ್ಯೆಯನ್ನೂ ಹೇಳಬಾರದು. ಕೊಂಡವನ ಬಳಿ ಪ್ರತಿಪತ್ರವೋ ರಸೀತಿಯೋ ಇದ್ದರೆ ಸಂಖ್ಯೆ ತಾಳೆಯಾಗುತ್ತದೆ.

5. ಒಪ್ಪಿಸುವುದನ್ನು ನಾಳೆಗೆ ತಳ್ಳಬಾರದು. ಮನೆಯಲ್ಲಿ ಉಳಿದ ಪರವಸ್ತು ದಿನ ಕಳೆದಂತೆ ಮನಸ್ಸಿಗೆ ತನ್ನದೇ ಎಂಬಂತಾಗುತ್ತದೆ. ಒಡೆಯನು ಬಂದಾಗ ಇಲ್ಲವೆಂದರೆ ಅದು ನ್ಯಾಸಾಪಹಾರ. ಇಟ್ಟುಕೊಂಡ ರತ್ನಗಳನ್ನು ಇಲ್ಲವೆಂದ ಸತ್ಯಘೋಷನ ಕಥೆ ಇದಕ್ಕೆ ಸಾಕ್ಷಿ.

ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವವರು ತಮ್ಮ ಮನೆಯಲ್ಲಿರುವ ಅನ್ನವನ್ನೇ ಬಿಡುತ್ತಾರೆ. ತನ್ನದನ್ನು ಬಿಡಲು ಶಕ್ತನಾದವನಿಗೆ ತನ್ನದಲ್ಲದ್ದನ್ನು ಬಿಡುವುದು ಕಷ್ಟವಾಗಬಾರದು. ಪಾರಣೆಗೆ ಕುಳಿತಾಗ ಗಂಗಾಳದಲ್ಲಿರುವ ಒಂದೊಂದು ಅಗುಳೂ ನ್ಯಾಯದಿಂದ ಬಂದುದಾಗಿದ್ದರೆ ಉಪವಾಸ ಸಾರ್ಥಕ.

ಮನನಕ್ಕೆ

1. ಸಿಕ್ಕಿದ ಹಣವನ್ನು ಬಸದಿಗೆ ಕೊಡುವುದು ದಾನವೇಕೆ ಆಗುವುದಿಲ್ಲ?

2. ಪತ್ರವನ್ನು ಎತ್ತಿಕೊಂಡ ಇಬ್ಬರಲ್ಲಿ ಒಬ್ಬನು ವ್ರತಿಯಾಗಿ, ಮತ್ತೊಬ್ಬನು ಕಳ್ಳನಾಗಲು ಕಾರಣವೇನು?

3. ಮನೆಯ ಮಕ್ಕಳು ಬಿದ್ದ ವಸ್ತುವನ್ನು ತಂದು ತೋರಿಸಿದಾಗ ಹಿರಿಯರು ಮೊದಲು ಕೇಳಬೇಕಾದ ಪ್ರಶ್ನೆ ಯಾವುದು?