ದೂರಸಂವೇದಿ ನಕ್ಷೆಗಳು ಮತ್ತು ಕನ್ನಡದ ನೆಲವಾಚಕಗಳು

ಭೂಮಿಯ ಮೇಲ್ಮೈಯಲ್ಲಾಗುವ ಮಾರ್ಪಾಡುಗಳನ್ನು ಅಂತರಿಕ್ಷದಿಂದ ಕ್ರಮಬದ್ಧವಾಗಿ ದಾಖಲಿಸುವ ಕಾರ್ಯವು 1972ರ ಜುಲೈಯಲ್ಲಿ ಹಾರಿದ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದೊಂದಿಗೆ ಆರಂಭವಾಯಿತು. ಭಾರತದಲ್ಲಿ ಅದರ ಬೀಜ ಇನ್ನೂ ಮೊದಲೇ ಬಿದ್ದಿತ್ತು. 1970ರಲ್ಲಿ ಪಿ. ಆರ್. ಪಿಷಾರೋಟಿಯವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದು, ರೋಗ ತಗುಲಿದ ಮರಗಳನ್ನು ಗುರುತಿಸಲಾಗಿತ್ತು. ಉಡುಪಿ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರು ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು, ಐಆರ್‌ಎಸ್-1ಎ ಉಪಗ್ರಹ ಕಕ್ಷೆ ಸೇರಿತು. ಅದು 22 ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಹಾದುಹೋಗುತ್ತಿತ್ತು.

ಉಪಗ್ರಹವು ಅಳೆಯುವುದು ನೆಲವನ್ನಲ್ಲ, ನೆಲದಿಂದ ಮರಳಿಬರುವ ಬೆಳಕನ್ನು. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪನ್ನು ಬಹುಮಟ್ಟಿಗೆ ಹಿಂದಿರುಗಿಸುತ್ತದೆ. ನೀರು ಅವಕೆಂಪನ್ನು ಹೀರಿಬಿಡುತ್ತದೆ. ಈ ವ್ಯತ್ಯಾಸವೇ ಸಸ್ಯಾವರಣವನ್ನು ಗುರುತಿಸುವ ಗಣಿತಕ್ಕೆ ಆಧಾರ. ಆದರೆ ಎರಡು ಚಿತ್ರಗಳನ್ನು ಹೋಲಿಸುವಾಗ ಋತುವನ್ನು ಮರೆತರೆ ಗಣಿತವೂ ದಾರಿ ತಪ್ಪುತ್ತದೆ. ನವೆಂಬರಿನ ಕಾಡನ್ನು ಮಾರ್ಚಿಯ ಎಲೆಯುದುರಿದ ಕಾಡಿನೊಂದಿಗೆ ಹೋಲಿಸಿದರೆ ಆಗದೇ ಇರುವ ನಾಶ ಆದಂತೆ ತೋರುತ್ತದೆ. ಮಲೆನಾಡಿನ ಮಳೆಗಾಲವಂತೂ ಮೋಡದ ಮರೆಯಲ್ಲೇ ಕಳೆಯುತ್ತದೆ. ಮೋಡವನ್ನು ಭೇದಿಸಬಲ್ಲದ್ದು ರೇಡಾರ್ ಮಾತ್ರ.

ಬೆಳಕಿನ ಅಂಕೆಗಳು ನಕ್ಷೆಯಾಗಬೇಕಾದರೆ ಅವುಗಳಿಗೆ ಹೆಸರಿಡಬೇಕು. ಭಾಷೆಯ ವಿದ್ಯಾರ್ಥಿಗೆ ಈ ವಿಷಯ ಪ್ರಸ್ತುತವಾಗುವುದು ಇಲ್ಲಿಯೇ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 1987ರಿಂದ ಪ್ರಕಟಿಸುತ್ತ ಬಂದಿರುವ ವರದಿಗಳನ್ನು ನೋಡಬಹುದು. ಅದರ ವ್ಯಾಖ್ಯೆಯಂತೆ ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, ಶೇಕಡ 10ಕ್ಕೆ ಕಡಿಮೆಯಿಲ್ಲದ ಮರದ ನೆರಳುಳ್ಳ ಭೂಮಿಯೆಲ್ಲವೂ, ಒಡೆತನ ಯಾರದೇ ಇರಲಿ, ಮರ ಯಾವುದೇ ಇರಲಿ, ಅರಣ್ಯಾವರಣ. ಕೊಡಗಿನ ನೆರಳುಮರಗಳ ಕೆಳಗಿನ ಕಾಫಿ ತೋಟವೂ ಶಿರಸಿಯ ಅಡಕೆ ತೋಟವೂ ಈ ವ್ಯಾಖ್ಯೆಯೊಳಗೆ ಸೇರಬಲ್ಲವು. ಹೀಗಿರುವಾಗ ಕಾಡು ಕಡಿದು ತೋಟ ಎಬ್ಬಿಸಿದಲ್ಲಿ ಒಟ್ಟು ಮೊತ್ತ ಕದಲದೆ ಉಳಿಯಬಹುದು. ಅಂಕಿ ಸುಳ್ಳಲ್ಲ, ಅದನ್ನು ‘ಅರಣ್ಯ’ವೆಂದು ಓದುವ ನಮ್ಮ ಆತುರ ತಪ್ಪು.

ಇದಕ್ಕೆ ಪ್ರತಿಯಾಗಿ ಕನ್ನಡದ ನೆಲವಾಚಕಗಳು ಆವರಣವನ್ನಷ್ಟೇ ಅಲ್ಲ, ಬಳಕೆಯನ್ನೂ ಹಕ್ಕನ್ನೂ ಹೇಳುತ್ತವೆ. ಉತ್ತರ ಕನ್ನಡದ ‘ಸೊಪ್ಪಿನ ಬೆಟ್ಟ’ವೆಂದರೆ ಗುಡ್ಡವಲ್ಲ, ಅಡಕೆ ತೋಟಕ್ಕೆ ಸೊಪ್ಪು ಒದಗಿಸುವ, ತೋಟದವನಿಗೆ ಬಳಕೆಯ ಸವಲತ್ತಿರುವ ಮರಭೂಮಿ. ಅದೇ ಸೀಮೆಯಲ್ಲಿ ‘ಬೇಣ’ ಹುಲ್ಲಿಗೆ ಮೀಸಲು. ಸೊರಬ, ಸಾಗರ, ಸಿದ್ದಾಪುರಗಳ ‘ಕಾನು’ ಊರು ಕಾಯ್ದುಕೊಂಡ ನಿತ್ಯಹಸುರಿನ ಕಾಡು. ಮೆಣಸಿನ ಬಳ್ಳಿಯೂ ದೇವರ ನೆಲೆಯೂ ಅದರೊಳಗಿರುತ್ತವೆ. ದಕ್ಷಿಣ ಕನ್ನಡದ ‘ಕುಮ್ಕಿ’ ಸಾಗುವಳಿ ಭೂಮಿಯಿಂದ 45 ಕೋಲಿನೊಳಗಿನ ಅನುಭೋಗದ ನೆಲ. ಕೊಡಗಿನ ‘ಬಾಣೆ’ ಗದ್ದೆಗೆ ಅಂಟಿಕೊಂಡ ಕಾಡುನೆಲ. ಶಾಸನಗಳ ಗದ್ದೆ, ಬೆದ್ದಲು, ತೋಟಗಳ ವಿಂಗಡಣೆಯೂ ಇದೇ ಪರಂಪರೆಯದು.

ಹೆಸರು ತಪ್ಪಿದರೆ ಆಗುವ ಹಾನಿ ಶಬ್ದಕೋಶಕ್ಕಷ್ಟೇ ಸೀಮಿತವಲ್ಲ. ಸೊಪ್ಪು ಸವರಿದ ಬೆಟ್ಟ ನಕ್ಷೆಯಲ್ಲಿ ಶೇಕಡ 40ಕ್ಕಿಂತ ಕೆಳಗಿನ ‘ವಿರಳ ಅರಣ್ಯ’ದ ವರ್ಗಕ್ಕೆ ಇಳಿಯಬಹುದು, ಆದರೆ ಅದು ಚಿಗುರಿಕೊಳ್ಳುವ ನೆಲ, ನಾಶವಾದ ನೆಲವಲ್ಲ. ದನ ಮೇಯುವ ಗೋಮಾಳ ‘ಪಾಳುಭೂಮಿ’ಯ ಪಟ್ಟಿಗೆ ಸೇರಿತೆಂದರೆ, ಅಲ್ಲಿ ನೀಲಗಿರಿ ನೆಡುವುದಕ್ಕೂ ಕಟ್ಟಡ ಎಬ್ಬಿಸುವುದಕ್ಕೂ ಆಕ್ಷೇಪವೇ ಇಲ್ಲದಂತಾಗುತ್ತದೆ. ಪಾಳೆಂದು ಕರೆದವರು ಅಲ್ಲಿ ದನ ಮೇಯಿಸಿದವರಲ್ಲ ಎಂಬುದನ್ನು ಹೇಳಲೇಬೇಕು.

ಚಿತ್ರದ ಓದನ್ನು ಸ್ಥಳದಲ್ಲಿ ಪರೀಕ್ಷಿಸುವ ಕ್ರಮ ದೂರಸಂವೇದನೆಯಲ್ಲಿ ಮೊದಲಿನಿಂದಲೂ ಇದೆ. ಆ ಪರೀಕ್ಷೆಯಲ್ಲಿ ಮರದ ಜಾತಿ, ನೆರಳಿನ ಪ್ರಮಾಣಗಳೊಂದಿಗೆ ಊರವರು ಆ ನೆಲವನ್ನು ಕರೆಯುವ ಹೆಸರನ್ನೂ ಬಳಕೆಯ ಕಾಲವನ್ನೂ ಬರೆದುಕೊಳ್ಳುವುದು ಕಷ್ಟದ ಕೆಲಸವಲ್ಲ. ಸ್ಥಳನಾಮ ಮತ್ತು ಉಪಭಾಷೆಗಳ ಕ್ಷೇತ್ರಕಾರ್ಯದಲ್ಲಿ ಪಳಗಿದ ಕನ್ನಡ ವಿಭಾಗಗಳು ತಾಲ್ಲೂಕಿಗೊಂದರಂತೆ ನೆಲವಾಚಕಗಳ ಪಟ್ಟಿಯನ್ನು ಸಿದ್ಧಪಡಿಸಿದರೆ, ಐಆರ್‌ಎಸ್-1ಸಿ ಉಪಗ್ರಹದ ಕಾಲದಿಂದ ಲಭ್ಯವಿರುವ 23.5 ಮೀಟರ್ ಸ್ಪಷ್ಟತೆಯ ಚಿತ್ರಗಳಲ್ಲಿ ಕಾನಿನ ಅಂಚು ಎಲ್ಲಿ ಮುಗಿದು ಬೆಟ್ಟ ಎಲ್ಲಿ ತೊಡಗುತ್ತದೆ ಎಂಬುದನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಬಹುದು.